ಕೌದಿಯ ಮೇಲೆ ಎರಡು ಎಂಜಿನ್

ಇವತ್ತು ಬೆಳಿಗ್ಗೆ ನಮ್ಮ ಸೊಸೆ ಹಾಸಿಗೆ ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಾಕಲು ತೆಗೆದಳು. ಟ್ರಂಕಿನ ತಳದಲ್ಲಿದ್ದ ನನ್ನ ಕೌದಿಯೂ ಹೊರಬಿತ್ತು. ಬಿಸಿಲು ತಾಗಿದ್ದೇ ತಡ, ಹಳೆಯ ಎಂಜಿನ್ ಆಯಿಲಿನ ವಾಸನೆ ಅಂಗಳದ ತುಂಬ ಎದ್ದಿತು.

“ಅತ್ತಿ, ಏನ್ರಿ ಇದು, ಇಷ್ಟು ಕಲಿ! ಮಷೀನಿಗೆ ಹಾಕಿಬಿಡ್ಲೇನ್ರಿ?” ಎಂದಳು.

“ಮುಟ್ಟಿದ್ರ ನೋಡು!” ಎಂದು ನಾನು ಚೀರಿದ ರಭಸಕ್ಕೆ ಪಾಪ, ಅವಳ ಕೈಯಿಂದ ಕೌದಿ ಜಾರಿತು. ಸೊಸೆಗೆ ಒಂದು ಮಾತೂ ಅಂದವಳಲ್ಲ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗುವವಳು ನಾನು, ಬಣ್ಣ ಬಯಲಾಯಿತು. ಆದರೆ ಆ ಕಲೆಗಳ ಕಥೆ ಕೇಳಿದರೆ ನೀವು ನನ್ನ ಪಕ್ಷವೇ ಹಿಡಿಯುತ್ತೀರಿ. ಹಿಡಿಯದಿದ್ದರೂ ಚಿಂತೆಯಿಲ್ಲ, ಕೂತು ಕೇಳಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಯಲಬುರ್ಗಾ ಕಡೆಯ ಹುಡುಗಿ, ಬಾವಿ ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. ನನ್ನನ್ನು ಕೊಟ್ಟದ್ದು ಕೊಪ್ಪಳ ತಾಲ್ಲೂಕಿನ, ತುಂಗಭದ್ರೆಯ ಹಿನ್ನೀರಿನ ದಂಡೆಯ ಊರಿಗೆ. ಹುಡುಗ ಏನು ಮಾಡುತ್ತಾನೆ ಎಂದರೆ “ಜಹಾಜು ನಡಸ್ತಾನ” ಎಂದಿದ್ದರು. ಅವ್ವ ಅದನ್ನೇ ಇನ್ನಷ್ಟು ಉದ್ದ ಮಾಡಿ ಊರಿಗೆಲ್ಲ ಹೇಳಿ ಬಂದಳು. ಬಂದು ನೋಡಿದರೆ ಅದೊಂದು ಮುದಿ ಮೋಟಾರು ದೋಣಿ. ಕರಾವಳಿಯ ಯಾರೋ ಸಿರಿವಂತರು ಸಮುದ್ರದ ಮೋಜಿಗೆಂದು ಇಟ್ಟುಕೊಂಡು, ಸಾಕಾಗಿ ಮಾರಿದ್ದು. ನಮ್ಮ ಕಡೆಯ ಮೀನಿನ ಗುತ್ತಿಗೆದಾರರೊಬ್ಬರು ಲಾರಿಯ ಮೇಲೆ ಹೇರಿಸಿ ತಂದಿದ್ದರು. ಒಳಗೆ ಮೆತ್ತನೆಯ ಆಸನ, ಕನ್ನಡಿ ಹಾಕಿದ ಪುಟ್ಟ ಕೋಣೆ, ಹೊಟ್ಟೆಯಲ್ಲಿ ಎರಡು ಎಂಜಿನ್. ಸಿರಿವಂತರು ಕಾಲು ಚಾಚಿದ ಆಸನದ ಮೇಲೆ ಈಗ ಮೀನಿನ ಬುಟ್ಟಿಗಳು, ಆಚೆ ದಂಡೆಗೆ ದಾಟುವ ಜನ, ಅವರ ಆಡುಗಳು. ಆಡುಗಳಿಗೆ ಆ ಕನ್ನಡಿಯ ಮೇಲೆ ಭಾರೀ ಪ್ರೀತಿ.

ನಾನು ಹೋದ ಎರಡನೆಯ ವರ್ಷ ಒಂದು ಎಂಜಿನ್ ಹೊಗೆ ಕಾರುತ್ತ ನಿಂತಿತು. ಇನ್ನೊಂದು, ಜೊತೆಗಾರನ ದುಃಖಕ್ಕೋ ಏನೋ, ತಿಂಗಳೊಳಗೆ ನಿಂತಿತು. ಗುತ್ತಿಗೆದಾರರು ಬಂದು ನೋಡಿ, ಮುಂದಿನ ಸೋಮವಾರದೊಳಗೆ ನಡೆದರೆ ಸರಿ, ಇಲ್ಲದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ಹೇಳಿ ಹೋದರು. ಜಹಾಜು ಹೋದರೆ ನಮ್ಮವರ ಕೆಲಸ ಹೋಯಿತು; ಕೆಲಸದ ಜೊತೆ ಅವರು ಕೊಟ್ಟಿದ್ದ ದಂಡೆಯ ಮನೆಯೂ ಹೋಯಿತು. ನನಗಾಗ ಐದು ತಿಂಗಳು.

ನಮ್ಮವರು ಗಂಗಾವತಿಯಿಂದ ಮೌಲಾಸಾಬ್ ಮೇಸ್ತ್ರಿಯನ್ನು ಕರೆತಂದರು. ಅಕ್ಕಿ ಗಿರಣಿಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಕೂದಲು ಹಣ್ಣಾದ ಮನುಷ್ಯ. ಚಹಾ ಕುಡಿದು, ದಂಡೆಗೆ ಎಳೆದಿದ್ದ ಜಹಾಜಿನೊಳಗೆ ಇಳಿದು, ಎರಡೂ ಎಂಜಿನ್ನುಗಳ ಮೈ ತಡವಿ, “ಸತ್ತಿಲ್ರಿ, ಮಕ್ಕೊಂಡಾವ” ಎಂದರು. ಆಮೇಲೆ ನಮ್ಮ ಅತ್ತೆಯ ಕಡೆ ತಿರುಗಿ, “ಯಮ್ಮಾ, ಒಂದು ಕೌದಿ ಕೊಡ್ರಿ. ಬಣ್ಣ ಭಾಳ ಇರಬೇಕು” ಎಂದರು.

ನಮ್ಮ ಅತ್ತೆ ದಾನಶೂರರು. ತಮ್ಮ ಪೆಟ್ಟಿಗೆಯ ಕಡೆ ಹೊರಳಿಯೂ ನೋಡದೆ ನನ್ನ ಪೆಟ್ಟಿಗೆ ತೆರೆದರು.

ಅವ್ವ ವರ್ಷವಿಡೀ ಕೂತು ಹೊಲಿದ ಕೌದಿ ಅದು. ಒಂದು ತುಂಡು ಅವಳದೇ ಇಳಕಲ್ ಸೀರೆಯ ಸೆರಗು, ಒಂದು ಅಪ್ಪನ ಹಳದಿ ರುಮಾಲು, ಒಂದು ಅಳವಂಡಿಗೆ ಕೊಟ್ಟ ಅಕ್ಕನ ಹಸಿರು ಲಂಗ, ಒಂದು ನಾನು ಶಾಲೆಗೆ ಹಾಕಿಕೊಂಡ ನೀಲಿ. ಮೌಲಾಸಾಬ್ ಅದನ್ನು ಬೇವಿನ ಮರದ ಕೆಳಗೆ ಹಾಸಿ, ಎಡ ಎಂಜಿನ್ನಿನ ಸಾಮಾನು ಎಡಕ್ಕೆ, ಬಲದ್ದು ಬಲಕ್ಕೆ, ಒಂದೊಂದು ತುಂಡು ಬಟ್ಟೆಯ ಮೇಲೆ ಒಂದೊಂದು ಕರಿ ಜಿಡ್ಡಿನ ಕಬ್ಬಿಣ ಇಡುತ್ತ ಹೋದರು. “ನನಗ ಅಕ್ಷರ ಬರಂಗಿಲ್ಲ, ಬಣ್ಣ ಬರ್ತಾವ. ಯಾರೂ ಮುಟ್ಟಬ್ಯಾಡ್ರಿ” ಎಂದರು.

ನಾಲ್ಕು ದಿನ ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿದೆ. ಅವರೋ ವಾಲ್ವುಗಳನ್ನು ಉಜ್ಜುತ್ತ ಕೂತಿದ್ದರು. ವಾಲ್ವೆಂದರೆ ಎಂಜಿನ್ನಿನ ಬಾಯಿ ಮುಚ್ಚುವ, ಉದ್ದ ಕಾಲಿನ ಅಣಬೆಯಂಥ ಕಬ್ಬಿಣ. ಎರಡೂ ಎಂಜಿನ್ ಸೇರಿ ಹನ್ನೆರಡು. ಒಂದೊಂದನ್ನೂ ಅದರ ಕುಳಿಯಲ್ಲಿಟ್ಟು ತಿರುವಿ ತಿರುವಿ ಉಜ್ಜಿ, ಮತ್ತೆ ತಂದು ನನ್ನ ಅವ್ವನ ಸೆರಗಿನ ಮೇಲೇ ಇಡಬೇಕೆ!

ಶುಕ್ರವಾರ ಅವರೂ ನಮ್ಮವರೂ ಸಾಮಾನು ತರಲು ಗಂಗಾವತಿಗೆ ಹೋದರು. ಅತ್ತೆ ಹೊಲಕ್ಕೆ ಹೋದರು. ನನಗೆ ಬುದ್ಧಿ ಓಡಿತು. ಮುಟ್ಟಬೇಡ ಎಂದದ್ದು ಕಳೆದೀತು ಎಂಬ ಅಂಜಿಕೆಗೆ ತಾನೆ? ಒಂದೂ ಕಳೆಯದಿದ್ದರಾಯಿತು! ಬಿಸಿನೀರು ಕಾಯಿಸಿ, ಸೀಗೆಪುಡಿ ಹಾಕಿ, ಎಲ್ಲವನ್ನೂ ಫಳಫಳ ತೊಳೆದು ಒರೆಸಿದೆ. ದೊಡ್ಡವು ಒಂದು ಬುಟ್ಟಿ, ನಡುವಿನವು ಒಂದು, ಸಣ್ಣವು ಒಂದು. ಕೌದಿಯನ್ನು ದಂಡೆಗೆ ಒಯ್ದು ಕಲ್ಲಿಗೆ ಬಡಿದೆ. ಕಲೆ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಗೊತ್ತಿದ್ದ ಬೈಗುಳವನ್ನೆಲ್ಲ ಆ ಕಲೆಗೆ ಬೈದೆ.

ಮಧ್ಯಾಹ್ನ ಮೌಲಾಸಾಬ್ ಒಬ್ಬರೇ ಬಂದರು. ನಮ್ಮವರು ಕಬ್ಬಿಣ ಕಡೆಯುವ ಲೇತಿನ ಅಂಗಡಿಯಲ್ಲಿ ಉಳಿದಿದ್ದರು. “ಕಾಕಾ, ಎಲ್ಲಾ ತೊಳದು ಇಟ್ಟೀನ್ರಿ, ಒಂದೂ ಕಳದಿಲ್ಲ” ಎಂದೆ ಜಂಬದಿಂದ. ಅವರು ಬುಟ್ಟಿಗಳನ್ನು ನೋಡಿ ನೆಲದ ಮೇಲೆ ಕುಸಿದು ಕೂತರು. ಒಂದು ವಾಲ್ವನ್ನು ಎತ್ತಿ ನನಗೆ ತೋರಿಸಿದರು.

“ಮಗಳ, ನಿಮ್ಮ ಮನಿ ರುಬ್ಬೂ ಒಳ್ಳಿನ ಗುಂಡಕಲ್ಲು ಬಾಜೂ ಮನಿ ಒಳ್ಳಿಗೆ ಕೂಡತೈತೇನು?”

“ಇಲ್ರಿ.”

“ಇವೂ ಹಂಗ. ಯಾವ ಕುಳಿ ವಾಲ್ವು ಆ ಕುಳಿಗೇ.”

ಮಾಡಿದ್ದೇನೆಂದು ಆಗ ತಿಳಿಯಿತು. ಬೋರಾಡಿ ಅಳತೊಡಗಿದೆ. ಮೌಲಾಸಾಬ್ ಬೈಯಲಿಲ್ಲ. “ಅಳಬ್ಯಾಡ. ನಾಕ ದಿನಾ ಬಾಗಲದಾಗ ನಿಂತು ಕಣ್ಣು ಕಿಸದು ನೋಡತಿದ್ದಿ. ಏನ್ ನೋಡತಿದ್ದಿ?” ಎಂದರು.

“ನನ್ನ ಕೌದಿ ಹೊಲಸಾಗೂದ ನೋಡತಿದ್ದೆ.”

“ಹಂಗಾದ್ರ ತಗೊಂಬಾ ಅದನ್ನ.”

ಇನ್ನೂ ಹಸಿಯಾಗಿದ್ದ ಕೌದಿಯನ್ನು ಮತ್ತೆ ಬೇವಿನ ಕೆಳಗೆ ಹಾಸಿದೆವು. “ಈ ಕೆಂಪರ ಮ್ಯಾಲ ಏನಿಟ್ಟಿದ್ದೆ?” ಎಂದರು. “ಅದು ಅವ್ವನ ಸೆರಗ್ರಿ! ತಲಿ ಮ್ಯಾಲ ಉಗುರಿನಷ್ಟು ಗೀರಿತ್ತಲ್ಲ, ಆ ವಾಲ್ವು. ಅಕ್ಕನ ಲಂಗದ ಮ್ಯಾಲ ಕಾಲು ಕಪ್ಪಾದದ್ದು. ಅಪ್ಪನ ರುಮಾಲಿನ ಮ್ಯಾಲ ಬಳಿಯಂಥವು ಎರಡು ಇಟ್ಟಿದ್ರಿ, ನನ್ನ ಹೊಟ್ಟಿ ಉರದಿತ್ತು!” ಹೀಗೆ ಒಂದೊಂದು ತುಂಡಿಗೂ ಒಂದೊಂದು ದೂರು ಹೊರಬಂತು. ಸಿಟ್ಟಿಗೆ ಅಷ್ಟೊಂದು ಜ್ಞಾಪಕಶಕ್ತಿ ಇರುತ್ತದೆಂದು ನನಗೇ ಗೊತ್ತಿರಲಿಲ್ಲ. ನಾನು ತಡವರಿಸಿದಲ್ಲಿ ಅವರು ಸಾಮಾನನ್ನು ಕಲೆಯ ಮೇಲಿಟ್ಟು ಅಳತೆ ನೋಡುತ್ತಿದ್ದರು. “ಕಲಿ ಕೂಡ್ತು ನೋಡು!” ಎಂದು ನಗುತ್ತಿದ್ದರು. ಹೋಗಲಿಲ್ಲವೆಂದು ನಾನು ಬೈದ ಕಲೆಯೇ ನಮ್ಮನ್ನು ಕಾಯಿತು.

ಆದರೂ ನಾಲ್ಕು ವಾಲ್ವುಗಳ ಕುಳಿ ಯಾವುದೆಂದು ತಿಳಿಯಲಿಲ್ಲ. ಅವನ್ನು ಅವರು ಮೊದಲಿನಿಂದ ಉಜ್ಜಬೇಕಾಯಿತು. ಸೋಮವಾರ ಗುತ್ತಿಗೆದಾರರು ಬಂದಾಗ ಎಂಜಿನ್ ಇನ್ನೂ ಬಾಯಿ ತೆರೆದೇ ಇತ್ತು.

“ಅಕ್ಕಿ ಗಿರಣಿ ಮೇಸ್ತ್ರಿ ಕೈಯಾಗ ಜಹಾಜು ಕೊಟ್ಟಿದ್ದು ನಂದೇ ತಪ್ಪು” ಎಂದು ಅವರು ನಾಲ್ಕು ಜನರ ಎದುರಿಗೆ ಕೂಗಾಡಿದರು.

ಮೌಲಾಸಾಬ್ ತಲೆ ಬಗ್ಗಿಸಿದರು. “ಹೌದ್ರಿ ಸಾವ್ಕಾರ್ರ. ನನ್ನ ಕೈಲೆ ವಾಲ್ವು ಅದಲಿಬದಲಿ ಆದ್ವು. ಮುಪ್ಪು ಬಂತ್ರಿ. ನಾಳಿ ಮಧ್ಯಾಹ್ನದ ತನಕ ಟೈಮ್ ಕೊಡ್ರಿ.”

ನಾನು ಬಾಗಿಲ ಹಿಂದೆ ಇದ್ದೆ. ನಾಲಿಗೆ ಇದ್ದೂ ಇಲ್ಲದವಳಂತೆ ನಿಂತೆ.

ಮಂಗಳವಾರ ಎರಡೂ ಎಂಜಿನ್ ಎದ್ದವು. ಜಹಾಜು ನೀರಿಗೆ ಇಳಿಯಿತು, ದಂಡೆಯ ಜನವೆಲ್ಲ ಕೇಕೆ ಹಾಕಿತು, ನಮ್ಮವರು ಅತ್ತೇಬಿಟ್ಟರು. ಮೌಲಾಸಾಬ್ ಕೌದಿ ಮಡಚಿ ಕೊಡುತ್ತ, “ಹೊಸಾದು ಹೊಲಿಸಿ ಕೊಡ್ತೀನಿ ಮಗಳ” ಎಂದರು. “ಬ್ಯಾಡ್ರಿ ಕಾಕಾ” ಎಂದೆ. ತಪ್ಪಾಯಿತು ಎನ್ನುವುದನ್ನು ಬಿಟ್ಟು ಕೌದಿ ಹಿಡಿದು ಒಳಗೆ ಹೋದೆ. ಅವರು ಸಂಜೆಯ ಬಸ್ಸಿಗೆ ಹೋದರು.

ಜಹಾಜು ಎಂಬತ್ತರ ದಶಕದವರೆಗೂ ನಡೆಯಿತು. ಅದರ ದುಡಿಮೆಯ ಮೇಲೆ ನಮ್ಮ ಮೂರು ಮಕ್ಕಳು ಬೆಳೆದವು, ಅತ್ತೆ ಅದೇ ಮನೆಯಲ್ಲಿ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಇಷ್ಟೆಲ್ಲ ಒಬ್ಬ ಮನುಷ್ಯ ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತದ್ದರಿಂದ. ಆಮೇಲೆ ಎರಡು ಸಲ ಗಂಗಾವತಿಯಲ್ಲಿ ಕಂಡರು, ಎರಡು ಸಲವೂ ನಾನು ಬರೀ ಚಹಾ ಕುಡಿಸಿ ಬಂದೆ. ಈಗ ಅವರಿಲ್ಲ. ಅವರ ಋಣ ನನ್ನ ಮೈಮೇಲಿದೆ, ಇರಲಿ.

ಇವತ್ತು ಕೌದಿ ಬಿಚ್ಚಿಕೊಂಡಿತಲ್ಲ, ನನಗೂ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ನಮ್ಮವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಗೊತ್ತೈತಿ” ಎಂದರು.

“ಏನ್ ಗೊತ್ತೈತಿ?”

“ಎಂಜಿನ್ನಿನ ವಾಲ್ವಿಗೆ ಸೀಗಿಕಾಯಿ ವಾಸನಿ ಎಲ್ಲಿಂದ ಬರಬೇಕು? ಗಂಗಾವತಿಂದ ಬಂದ ಸಂಜೀಕೇ ಮೌಲಾಸಾಬನ್ನ ಕೇಳಿದ್ನಿ. ಕೈ ಹಿಡಕೊಂಡು ಅಂದ: ‘ಬಸುರಿ ಹುಡುಗಿ, ಅಂಜ್ಯಾಳ. ನಿಮಗ ಗೊತ್ತೈತಿ ಅನ್ನೂದು ಆಕಿಗೆ ಗೊತ್ತಾಗೂದು ಬ್ಯಾಡ್ರಿ.’ ಮಾತು ಕೊಟ್ಟಿದ್ನಿ.”

“ಮತ್ತ ಈಗ ಹೇಳಿದ್ರಲ್ಲ?”

“ಈಗ ನೀನೇ ಹೇಳಿದಿ.”

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಒಬ್ಬರಲ್ಲ, ಇಬ್ಬರು ನನ್ನನ್ನು ಕಾಯ್ದಿದ್ದರು. ಅಂಗಳದಿಂದ ಸೊಸೆ ಅಳುಕುತ್ತಲೇ ಕೇಳಿದಳು: “ಅತ್ತಿ, ಕೌದಿ ಮತ್ತ ಟ್ರಂಕಿನಾಗ ಇಡ್ಲೇನ್ರಿ?”

“ಬ್ಯಾಡವ್ವ. ಇಲ್ಲೇ ನಿಮ್ಮ ಮಾವನ ಮಂಚದ ಮ್ಯಾಲ ಹಾಸು” ಎಂದೆ. “ಕಲಿ ಇದ್ದದ್ದು ಮ್ಯಾಲ ಬರ್ಲಿ.”