ನಾಳೆಗೆ ತಾನೇ ಜಾರುವ ಕೆಲಸ

ನನಗೆ ಮರೆವು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋದೀತು.

ಶಹಾಪುರದ ಸುತ್ತಿನ ಹಳ್ಳಿಗಳಲ್ಲಿ ಕುರಿ, ಆಡು, ದನಗಳಿಗೆ ಮದ್ದು ಕೊಡುವುದು ನನ್ನ ನೌಕರಿ. ಡಾಕ್ಟರ್ ಅಲ್ಲ. ಆದರೆ ಸೂಜಿ ಹಿಡಿದವರನ್ನೆಲ್ಲ ಜನ ಡಾಕ್ಟರ್ ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಇಪ್ಪತ್ತು ವರ್ಷ ನನ್ನ ನೌಕರಿಯನ್ನು ಉಳಿಸಿದ್ದು ಗೋಡೆಯ ಕ್ಯಾಲೆಂಡರು. ದಿನಾ ಬೆಳಿಗ್ಗೆ ನಿನ್ನೆಯ ಹಾಳೆ ಹರಿದು, ಅದರ ಬೆನ್ನಿಗೆ ಇವತ್ತಿನ ಕೆಲಸ ಬರೆದು ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಆಗದೆ ಉಳಿದದ್ದನ್ನು ಮರುದಿನದ ಚೀಟಿಗೆ ಮತ್ತೆ ಕೈಯಾರೆ ಬರೆಯಬೇಕು. ಮೂರನೆಯ ಸಲವೂ ಬರೆಯುವ ಪ್ರಸಂಗ ಬಂದರೆ ಬರೆಯುವ ಹಾಗಿಲ್ಲ: ಆ ಕೆಲಸ ಅಂದೇ ಮಾಡಬೇಕು, ಇಲ್ಲವೇ ಹೊಡೆದುಹಾಕಬೇಕು. ಈ ಕಾನೂನು ಮಾಡಿದವನೂ ನಾನೇ, ಅದಕ್ಕೆ ಹೆದರುತ್ತಿದ್ದವನೂ ನಾನೇ.

ಒಂದು ದಿನ ನನ್ನ ಹೆಂಡತಿ ಮಹಾದೇವಿ ಅಂಗಿ ಒಗೆಯುವಾಗ ಕೂಗಿದಳು: "ನಿಮ್ಮ ಯಾದಗಿರಿ ಮೀಟಿಂಗ್ ಬಕೀಟಿನ್ಯಾಗ ಕರಗ್ಯಾದ ನೋಡ್ರಿ!"

ಅವಳು ಶಾಲಾ ಶಿಕ್ಷಕಿ. ಅಂದೇ ನನ್ನ ಫೋನಿಗೆ ಕೆಲಸ ನೆನಪಿಸುವ ಒಂದು ಆ್ಯಪ್ ಹಾಕಿಕೊಟ್ಟಳು. ನನಗೂ ಕುತೂಹಲ. ಭಾನುವಾರವಿಡೀ ಕೂತು ಊರಿಗೊಂದು ಬಣ್ಣ ಕೊಟ್ಟೆ. ಗೋಗಿಗೆ ಹಸಿರು, ಸುರಪುರದ ಕಡೆಗೆ ನೀಲಿ. ಕೊನೆಗೆ ಆ್ಯಪೇ ಕೇಳಿತು: ಉಳಿದ ಕೆಲಸ ತಾನಾಗಿಯೇ ನಾಳೆಗೆ ಹೋಗಲೇ? ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಕೇಳಿರಲಿಲ್ಲ. ಹೂಂ ಎಂದು ಒತ್ತಿದೆ.

ಆ ವಾರವೇ ಗೋಗಿಯ ನೀಲಮ್ಮ ರಸ್ತೆಯಲ್ಲಿ ನನ್ನ ಗಾಡಿ ನಿಲ್ಲಿಸಿದಳು. ಅರವತ್ತರ ಹೆಂಗಸು, ಆಡು ಸಾಕಿ ಬದುಕುವವಳು. "ಡಾಕ್ಟ್ರ, ಆಡು ಕಾಲ ಊರವಲ್ದು. ಮೊಮ್ಮಗಳಿಗಿ ಹಾಲು ಕೊಡೂದು ಅದೊಂದs ಅದ್ರಿ."

ಮದ್ದಿನ ಚೀಲ ಜೊತೆಗಿರಲಿಲ್ಲ. "ಬರ್ತೀನವ್ವ" ಎಂದು ಅಲ್ಲೇ ಫೋನಿಗೆ ಏರಿಸಿದೆ.

ಈ 'ಬರ್ತೀನಿ' ಎಂಬ ಮಾತನ್ನು ಸ್ವಲ್ಪ ನೋಡಿ. ದಿನಾ ಬರುವವನೂ ಬರ್ತೀನಿ ಎನ್ನುತ್ತಾನೆ, ಮುಂದೆಂದೋ ಬರುವವನೂ ಬರ್ತೀನಿ ಎನ್ನುತ್ತಾನೆ. ಹೊರಟು ನಿಂತವನಂತೂ ಬರ್ತೀನಿ ಎಂದೇ ಹೋಗಿಬಿಡುತ್ತಾನೆ. ಸೋಮಾರಿಗಳ ಮೇಲೆ ಕನ್ನಡ ವ್ಯಾಕರಣಕ್ಕೆ ಇಷ್ಟು ಕರುಣೆ ಏಕೋ!

ಕರುಣೆಯಲ್ಲಿ ಆ್ಯಪ್ ವ್ಯಾಕರಣವನ್ನೂ ಮೀರಿಸಿತು. ನೀಲಮ್ಮನ ಆಡು ದಿನಾ ರಾತ್ರಿ ಸದ್ದಿಲ್ಲದೆ ಮರುದಿನಕ್ಕೆ ದಾಟುತ್ತಿತ್ತು. ಬೆಳಿಗ್ಗೆ ನೋಡಿದರೆ ಹಸಿರು ಬಣ್ಣದಲ್ಲಿ ಹೊಸ ಕೆಲಸದ ಹಾಗೆಯೇ ಕಾಣುತ್ತಿತ್ತು. ನಾನು ಬೇರೆ ಕಡೆ ಹೋಗುತ್ತಿದ್ದೆ.

ಒಂಬತ್ತನೆಯ ದಿನ ಶಹಾಪುರದ ನಮ್ಮ ದನದ ದವಾಖಾನೆಯ ಮುಂದೆ ಶೇರ್ ಆಟೋದಿಂದ ನೀಲಮ್ಮ ಇಳಿದಳು, ಆಡನ್ನು ಎದೆಗವಚಿಕೊಂಡು.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಫೋನ್ ತೋರಿಸಿದ್ದು. "ಮರ್ತಿಲ್ಲವ್ವ, ಇಲ್ಲೇ ಅದ ನೋಡು."

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ನಿಮ್ಮ ಫೋನಿನ್ಯಾಗ ಇದ್ರ ಆಡಿಗೇನ್ ಗೊತ್ತಾಗ್ತದ್ರಿ?"

ಗೊರಸಿನ ಸಂದಿ ಕೊಳೆತು ಕೀವು ತುಂಬಿತ್ತು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಗೊರಸೇ ಕಳಚುತ್ತಿತ್ತು. ಕೊಳೆತದ್ದನ್ನು ಕೆತ್ತಿ, ಮೈಲುತುತ್ತದ ನೀರಿನಲ್ಲಿ ತೊಳೆದು, ಸೂಜಿ ಹಾಕಿದೆ. ಆಡು ಒದರಿತು, ನೀಲಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮನೆಗೆ ಬಂದು ಯೋಚಿಸಿದೆ. ಚೀಟಿಯ ಗುಟ್ಟು ಕಾಗದದಲ್ಲಿ ಇರಲೇ ಇಲ್ಲ. ಒಂದೇ ಸಾಲನ್ನು ಮತ್ತೆ ಬರೆಯುವಾಗ ಕೈಗೆ ಆಗುವ ನಾಚಿಕೆಯಲ್ಲಿತ್ತು. ನಾನು ಕೆಲಸಗಳನ್ನೆಲ್ಲ ಫೋನಿಗೆ ಸಾಗಿಸಿದ್ದೆ, ನಾಚಿಕೆಯನ್ನು ಸಾಗಿಸಿರಲಿಲ್ಲ. ಫೋನಿನಲ್ಲಿ ಹುಡುಕಿ ಆ 'ತಾನಾಗಿಯೇ' ಎಂಬುದನ್ನು ಬಂದ್ ಮಾಡಿದೆ. ಈಗ ಉಳಿದ ಕೆಲಸ ನಿನ್ನೆಯಲ್ಲೇ ಬಿದ್ದಿರುತ್ತದೆ. ನಾನೇ ಅಕ್ಷರ ಅಕ್ಷರ ಒತ್ತಿ ಇವತ್ತಿಗೆ ತರಬೇಕು. ಮೂರನೆಯ ಸಲ ಹೆಬ್ಬೆರಳು ತಾನೇ ನಿಲ್ಲುತ್ತದೆ.

"ಮತ್ತ ಕೈಲೇನs ಬರಿಯೂದಾದ್ರ ಆ್ಯಪ್ ಯಾಕ್ರಿ?" ಎಂದಳು ಮಹಾದೇವಿ.

"ಇದನ್ನ ನೀ ಒಗಿಯಂಗಿಲ್ಲಲ್ಲ" ಎಂದೆ.

ಗಾಯ ತೊಳೆಯಲು ದಿನ ಬಿಟ್ಟು ದಿನ ಗೋಗಿಗೆ ಹೋದೆ. ಐದನೆಯ ಸಲ ಹೋದಾಗ ಆಡು ನಾಲ್ಕೂ ಕಾಲೂರಿ ಬೇಲಿಯ ಎಲೆಗೆ ಬಾಯಿ ಹಾಕಿತ್ತು. ನೀಲಮ್ಮ ನಗುತ್ತಾ ಅಂದಳು: "ನಿಮ್ಮ ಫೋನಿನ್ಯಾಗ ಇನ್ನೊಂದು ಬರಕೋರಿ. ನೀಲಮ್ಮನ ಮನ್ಯಾಗ ರೊಟ್ಟಿ ಉಣ್ಣೂದು."

ನಾನು ವಿಧೇಯನಾಗಿ ಬರೆಯತೊಡಗಿದೆ. ಆ್ಯಪ್ ತಾರೀಖು ಕೇಳಿತು.

"ಯಾವಾಗ ಅಂತ ಕೇಳ್ತದವ್ವ."

"ಒಲಿ ಮ್ಯಾಲ ಹಂಚು ಕಾದದ್ರಿ" ಎಂದು ಆಕೆ ಒಳಗೆ ನಡೆದಳು.

ಫೋನನ್ನು ಕಿಸೆಗೆ ಹಾಕಿ, ಕೈ ತೊಳೆಯಲು ನೀರು ಕೇಳಿದೆ.