ಉಪ್ಪುನೀರು ಕುಡಿದ ಜೀಪು

ಅದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಮಾವ, ಅಮ್ಮನ ಅಣ್ಣ. ಮಣಿಪಾಲದಲ್ಲಿ ನನಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ ದಿನ ಅವರು ಕಾಪುವಿನ ಕಡಲತಡಿಯಲ್ಲಿ ಬಲೆ ಹೊಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. “ನಮ್ಮ ಮನೆಯಲ್ಲಿ ಡಿಗ್ರಿ ಆಗುವುದುಂಟಾ? ಕಡಲು ಬತ್ತಿದ ಮೇಲೆ ಆದೀತು ಮಾರಾಯ” ಎಂದರು. ಹಾಗೆಂದವರೇ ಕಾಲೇಜು ಶುರುವಾದ ದಿನ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬಂದರು.

ನನ್ನ ಓದು ನಡೆದದ್ದು ಆ ಜೀಪಿನಿಂದಲೇ. ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಜೀಪು. ಹೊಯಿಗೆಯಲ್ಲಿ, ಕಡಲತಡಿಯ ಆ ಸಡಿಲ ಮರಳಿನಲ್ಲಿ, ನೀರಿನಂಚಿನವರೆಗೆ ಇಳಿದು, ಮೀನಿನ ಬುಟ್ಟಿ ತುಂಬಿಕೊಂಡು, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ ಸೇರುತ್ತಿತ್ತು. ಅಲ್ಲಿ ಅಮ್ಮ ಮಾರುತ್ತಿದ್ದರು. ನಾನು ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಅದಕ್ಕೆ ಏದುಸಿರು ಶುರುವಾಗಿತ್ತು. ಏರಿನಲ್ಲಿ ನಿಂತರೆ ಇಳಿದು ದೂಡಬೇಕು. ಬಿಸಿಲೇರಿದ ಮೇಲೆ ಬಂದ ಮೀನನ್ನು ಯಾರು ಕೇಳುತ್ತಾರೆ? ಮಾವ ಸುತ್ತಿ ಬಳಸಿ ಮಾತಾಡುವವರಲ್ಲ. ಕಾರ್ಕಳಕ್ಕೆ ಮೀನು ಮುಟ್ಟಿದರೆ ಕಾಲೇಜು, ಇಲ್ಲದಿದ್ದರೆ ನಾನು ಬೋಟು ಹತ್ತಬೇಕು ಎಂದುಬಿಟ್ಟರು.

ಒಡೆದುಹೋದ ಬೋಟೊಂದರ ಡೀಸೆಲ್ ಇಂಜಿನ್ ಮನೆಯ ಚಪ್ಪರದಡಿ ಬಿದ್ದಿತ್ತು. ಅದನ್ನೇ ಜೀಪಿಗೆ ಕೂರಿಸುವುದು ಮಾವನ ಲೆಕ್ಕಾಚಾರ. ನನ್ನ ತಲೆಯಲ್ಲಿ ಇದ್ದದ್ದು ಸೂಪರ್‌ಚಾರ್ಜರ್. ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಕೊಡುವ ಬ್ಲೋವರ್ ಅದು. ಅದರ ಪಾಠ ಆಗ ತಾನೇ ಮುಗಿದಿತ್ತು. ಮಂಗಳೂರಿನ ಗುಜರಿ ಅಂಗಡಿಯಲ್ಲಿ ಹಳೆಯದೊಂದನ್ನು ನೋಡಿಟ್ಟಿದ್ದೆ. ಇರುವ ಇಂಜಿನ್ ಇರಲಿ, ಮೇಲೆ ಇದೊಂದನ್ನು ಜೋಡಿಸಿದರೆ ಏರು ಹತ್ತುತ್ತದೆ ಎಂದು ವಾದಿಸಿದೆ.

ಗಾಳಿ ಊದಿ ಜೀಪು ಓಡಿಸುವುದಂತೆ ಎಂದು ಮಾವ ನಕ್ಕರು. ಅಮ್ಮ ಮೀನು ಕೊಯ್ಯುತ್ತಿದ್ದವರು, ಊದುಗೊಳವೆಯಲ್ಲಿ ಊದಿದರೆ ಒಲೆ ಹತ್ತುವುದಿಲ್ಲವೇ ಎಂದು ನನ್ನ ಪಕ್ಷ ಹಿಡಿದರು.

“ಹತ್ತುತ್ತದೆ. ಒಳಗೆ ಕೆಂಡ ಇರಬೇಕಲ್ವಾ?” ಎಂದರು ಮಾವ.

ಆ ಮಾತು ನನ್ನನ್ನು ಬಿಡಲಿಲ್ಲ. ಕಾಲೇಜಿನಿಂದ ಗೇಜು ಕೇಳಿ ತಂದು ಸಿಲಿಂಡರುಗಳ ಒತ್ತಡ ಅಳೆದೆ. ನಾಲ್ಕರಲ್ಲಿ ಎರಡಕ್ಕೆ ಜೀವವೇ ಇರಲಿಲ್ಲ. ಪಿಸ್ಟನ್ನಿನ ರಿಂಗು ಸವೆದ ಇಂಜಿನ್ನಿಗೆ ಎಷ್ಟು ಗಾಳಿ ಒತ್ತಿದರೂ ಕೆಳಗಿನಿಂದ ಸೋರಿಹೋಗುತ್ತದೆ, ಉಳಿದದ್ದೂ ಒಡೆಯುತ್ತದೆ. ಬ್ಲೋವರಿನ ಆಸೆ ಬಿಟ್ಟು ಮಾವನ ಲೆಕ್ಕಾಚಾರಕ್ಕೇ ಒಪ್ಪಿದೆ. ಬಿಟ್ಟದ್ದಕ್ಕೆ ಬೇಸರವಾಗಲಿಲ್ಲ, ಕಲಿತದ್ದನ್ನು ಉಪಯೋಗಿಸಿಯೇ ಬಿಟ್ಟಿದ್ದೆನಲ್ಲ.

ಬೋಟಿನ ಇಂಜಿನ್ ಭಾರ ಹೆಚ್ಚು. ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದೆವು. ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟನ್ನು ನಾನು ಚಿತ್ರ ಬರೆದು ಉಡುಪಿಯ ಲೇತಿನಲ್ಲಿ ಮಾಡಿಸಿದೆ. ಬೋಟಿನಲ್ಲಿ ಕಡಲ ನೀರೇ ಇಂಜಿನ್ನನ್ನು ತಂಪು ಮಾಡುತ್ತಿತ್ತು. ಇಲ್ಲಿ ಲಾರಿಯ ರೇಡಿಯೇಟರ್ ಕೂರಿಸಿದೆವು. ಹೊಯಿಗೆಯಲ್ಲಿ ಜೀಪು ಕೋಣದ ಹಾಗೆ ಎಳೆಯಿತು. ನಾನು ಹಾಸ್ಟೆಲಿಗೆ ಮರಳಿದೆ.

ಪರೀಕ್ಷೆ ಹತ್ತಿರ ಬಂದಾಗ ಊರಿನಿಂದ ಮಾವನ ಕರೆ ಬಂತು. ಜೀಪು ಏರಿನಲ್ಲೆಲ್ಲ ಕುದಿಯುತ್ತದೆ, ಮೀನು ಕೊಳೆತು ಎರಡು ಸಲ ಚೆಲ್ಲಿದ್ದಾಯಿತು, ಬೋಟು ಹತ್ತಲು ಬಟ್ಟೆಬರೆ ಕಟ್ಟಿಕೊಂಡು ಬಾ ಎಂದು. ಪುಸ್ತಕಗಳನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋದೆ. ಅವನ್ನು ಕಟ್ಟಲು ಕೈ ಬರಲಿಲ್ಲ.

ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ಹೆಕ್ಕಳೆ. ಬೆರಳಿಗೆ ಮೆತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

“ಮಾವ, ಇದಕ್ಕೆ ಎಂತ ನೀರು ಹಾಕುವುದು ನೀವು?”

“ಕಡಲಿನದ್ದು. ಬೋಟಿನ ಇಂಜಿನ್ ಅಲ್ವಾ? ಹುಟ್ಟಿದಂದಿನಿಂದ ಉಪ್ಪುನೀರು ಕುಡಿದದ್ದು. ಬಾವಿ ನೀರು ಹಾಕಿದರೆ ಅದಕ್ಕೆ ಒಗ್ಗಬೇಕಲ್ಲ ಮಾರಾಯ.”

ನನಗೆ ನಗು ಬಂತು, ಜೊತೆಗೆ ಹೋದ ಜೀವವೂ ಬಂತು. ಬೋಟಿನಲ್ಲಿ ನೀರು ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ, ಇಲ್ಲಿ ಅದೇ ನೀರು ಸುತ್ತುತ್ತದೆ, ಕುದಿದು ಆವಿಯಾದಷ್ಟೂ ಉಪ್ಪು ಒಳಗೇ ಉಳಿಯುತ್ತದೆ ಎಂದು ವಿವರಿಸಿದೆ. ಮಾವ ಅರ್ಧದಲ್ಲೇ ತಿಳಿಯಿತು ಎಂಬಂತೆ ಕೈ ಎತ್ತಿದರು. ಉಪ್ಪಿನ ಗದ್ದೆಯ ಹಾಗೆ ಎಂದು ಅವರೇ ಮಾತು ಮುಗಿಸಿದರು.

ರೇಡಿಯೇಟರ್ ಬಿಚ್ಚಿ ಉಡುಪಿಯಲ್ಲಿ ತೊಳೆಸಿ, ಸೋರುವಲ್ಲಿ ಬೆಸುಗೆ ಹಾಕಿಸಿ ತಂದೆ. ಬಾವಿ ನೀರು ತುಂಬಿದೆ. ಮರುದಿನ ಬೆಳಿಗ್ಗೆ ಬಂಗುಡೆಯ ಬುಟ್ಟಿಗಳ ಜೊತೆ ಮಾವನ ಪಕ್ಕ ನಾನೂ ಹೊರಟೆ. ಬೆಳ್ಮಣ್ ದಾಟಿದ ಮೇಲೆ ಏರು ಬಂತು. ಮಾವ ಇಂಜಿನ್ನಿನ ಶಬ್ದ ಕೇಳುತ್ತಿದ್ದರು, ನಾನು ಹಬೆ ಏಳುತ್ತದೋ ಎಂದು ನೋಡುತ್ತಿದ್ದೆ. ಏಳಲಿಲ್ಲ. ಬಿಸಿಲೇರುವ ಮೊದಲೇ ಕಾರ್ಕಳ. ಅಲ್ಲಿ ಕಾಯುತ್ತಿದ್ದ ಅಮ್ಮ ಬುಟ್ಟಿ ಇಳಿಸಿಕೊಂಡರು. ಮಾವ ನನ್ನನ್ನು ಮಣಿಪಾಲದ ಬಸ್ಸಿಗೆ ಹತ್ತಿಸಿದರು. ನಾನು ಪರೀಕ್ಷೆ ಬರೆದೆ. ಪಾಸಾದೆ.

ಸರ್ಟಿಫಿಕೇಟು ಕೈಗೆ ಬಂದ ದಿನ ನೇರ ಕಡಲತಡಿಗೆ ಹೋದೆ. ಮಾವ ಜೀಪಿಗೆ ನೀರು ತುಂಬುತ್ತಿದ್ದರು, ಬಾವಿಯದ್ದು. ಹೆಗಲ ಮೇಲಿನ ಬೈರಾಸಿನಲ್ಲಿ ಎರಡೂ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ತೆಗೆದುಕೊಂಡರು. ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು. ಮತ್ತೆ ನನ್ನ ಕೈಗೇ ಕೊಟ್ಟರು.

“ಒಳಗೆ ಇಡು ಮಗಾ. ಇಲ್ಲಿಯ ಉಪ್ಪುಗಾಳಿ ಒಳ್ಳೆಯದಲ್ಲ.”