ಅಮ್ಮನ ಗುರುತಿಗೊಂದು ಮೀಸೆ

ಹತ್ತೊಂಬತ್ತು ವರ್ಷದಿಂದ ಜೀವಾವಧಿ ಶಿಕ್ಷೆಯಲ್ಲಿದ್ದ ಕ್ಷೌರಿಕನೇ ಜೈಲಿನ ಅಧಿಕಾರಿಗೆ ದಿನಾ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದ. ಕುಡಿದ ಅಮಲಿನಲ್ಲಿ ಒಬ್ಬನನ್ನು ಕೊಂದು ಒಳಗೆ ಬಂದವನು. ಆಮೇಲೆ ಅವನ ಕೈಯಿಂದ ಯಾರಿಗೂ ಒಂದು ಗೀರೂ ಬಿದ್ದಿರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಹತ್ತು ದಿನದ ಪೆರೋಲಿಗೆ ಅರ್ಜಿ ಹಾಕಿದ್ದ. ಅಂದಿನಿಂದಲೇ ಮೀಸೆಯನ್ನೂ ಬಿಡತೊಡಗಿದ್ದ. ಅವಳು ಕೊನೆಯ ಸಲ ಕಂಡ ಮಗನಿಗೆ ಹುರಿಮೀಸೆಯಿತ್ತು. ಮುದುಕಿಗೆ ಗುರುತು ಸಿಗಬೇಕಲ್ಲ!

ಆ ಬೆಳಿಗ್ಗೆ ಅಧಿಕಾರಿ ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ ಕುರ್ಚಿಗೊರಗಿದರು. ಕತ್ತಿ ಗಂಟಲ ಬಳಿ ಬಂದಾಗ ಅವನು ಕೇಳಿದ:

"ಸಾಹೇಬ್ರೇ, ನನ್ನ ಅರ್ಜಿ ಏನಾಯ್ತು?"

"ಆಗಲಿಲ್ಲ ಕಣಯ್ಯಾ. ನಿನ್ನ ಹೊರಗೆ ಬಿಟ್ರೆ ಜನಕ್ಕೆ ಅಪಾಯ ಅಂತ ಮೇಲಿನವರು ಬರೆದಿದ್ದಾರೆ."

ಕತ್ತಿ ಒಂದು ಗಳಿಗೆ ನಿಂತಿತು.

"ಹಾಗಾ? ಅಲ್ಲಾಡ್ಬೇಡಿ ಸಾಹೇಬ್ರೇ, ಗಲ್ಲದ ಕೆಳಗೆ ಇನ್ನೂ ಸ್ವಲ್ಪ ಇದೆ."

ಅಧಿಕಾರಿ ಕಣ್ಣು ತೆರೆಯಲೂ ಇಲ್ಲ.

ಕೆಲಸ ಮುಗಿದ ಮೇಲೆ ಕತ್ತಿಯನ್ನು ಕಾವಲಿನವನಿಗೆ ಒಪ್ಪಿಸುವುದು ಅಲ್ಲಿನ ಕಟ್ಟಳೆ. ಅಂದು ಒಪ್ಪಿಸುವ ಮುನ್ನ ಅವನು ಗೋಡೆಯ ಕಡೆ ತಿರುಗಿ, ಕನ್ನಡಿಯನ್ನೂ ನೋಡದೆ, ತನ್ನ ಮೀಸೆಯನ್ನು ಬೋಳಿಸಿಕೊಂಡ.

"ಯಾಕೋ ಮಾರಾಯ, ಚೆನ್ನಾಗಿತ್ತಲ್ಲೋ!" ಎಂದ ಕಾವಲಿನವನು.

"ನೋಡೋರು ಯಾರಿದ್ದಾರೆ ಬಿಡಣ್ಣ," ಎಂದು ಅವನು ಕತ್ತಿಯನ್ನು ಒರೆಸಿ, ಮಡಿಸಿ, ಹಿಡಿಯ ಕಡೆಯಿಂದ ನೀಡಿದ.